ಅಕ್ಕ ಆರಿಸಿದ ಟೇಕ್

ಅಪ್ಪ ಹಿತ್ತಾಳೆ ವಾದ್ಯಗಳ ರಿಪೇರಿ ಮಾಡುತ್ತಿದ್ದ. ಯಾರೋ ರಿಪೇರಿಗೆ ಕೊಟ್ಟು ಮರೆತುಹೋದ ಟ್ರಾಂಬೋನನ್ನು ಹತ್ತು ವರ್ಷದ ತಂಗಿ ಎತ್ತಿಕೊಂಡಾಗ, ಅದರ ಜಾರುಕೊಳವೆಯನ್ನು ಪೂರ್ತಿ ಚಾಚಲು ಅವಳ ಕೈ ಸಾಲುತ್ತಿರಲಿಲ್ಲ. ಕೊನೆಯ ಸ್ವರ ಬಂದಾಗಲೆಲ್ಲ ಅಕ್ಕ ಓಡಿಬಂದು ಕೊಳವೆ ಎಳೆಯಬೇಕಿತ್ತು. ಅಕ್ಕ ಆಗಲೇ ಪಿಯಾನೋದಲ್ಲಿ ಬಹುಮಾನ ಗೆದ್ದವಳು. ಮನೆಗೆ ಬಂದವರು, "ಇವಳು ಮುಂದೆ ಬರ್ತಾಳೆ ನೋಡಿ" ಎನ್ನುತ್ತಿದ್ದುದು ಅಕ್ಕನನ್ನು ತೋರಿಸಿ.

ಮುಂದೆ ಬಂದವಳು ತಂಗಿ. ಮೂವತ್ತೆಂಟನೆಯ ವಯಸ್ಸಿಗೆ ತಾನೇ ಬರೆದ ಎಂಟು ರಚನೆಗಳ ಮೊದಲ ಜಾಝ್ ಆಲ್ಬಮ್ಮಿಗೆ ಐದು ಜನರ ತಂಡ ಕಟ್ಟಿದಳು. ಶಾಲೆಯಲ್ಲಿ ಸಂಗೀತ ಕಲಿಸುತ್ತಿದ್ದ ಅಕ್ಕನಿಗೆ ಫೋನ್ ಮಾಡಿ, "ಪಿಯಾನೋ ನೀನೇ ಕಣೇ" ಎಂದಳು. ಅಕ್ಕ ಸಂತೋಷವನ್ನೇನೋ ತೋರಿಸಿದಳು. ಆದರೆ ಫೋನಿಟ್ಟ ಮೇಲೆ ಅರ್ಧ ತೊಳೆದಿದ್ದ ಬಟ್ಟಲನ್ನು ಮತ್ತೆ ಮತ್ತೆ ತೊಳೆಯುತ್ತಾ ನಿಂತಳು.

ತಾಲೀಮಿನಲ್ಲಿ ಅಕ್ಕನ ಹೊಟ್ಟೆಕಿಚ್ಚು ದಿನಕ್ಕಿಷ್ಟು ಬೆಳೆಯಿತು. ಯಾವತ್ತೂ ತಡವಾಗಿ ಬರುತ್ತಿದ್ದುದರಿಂದಲೇ 'ಗಡಿಯಾರ' ಎಂದು ಹೆಸರಾಗಿದ್ದ ಡ್ರಮ್ಮಿನವನು ತಂಗಿಯ ರಚನೆಗಳಿಗಾಗಿ ಹತ್ತು ನಿಮಿಷ ಮೊದಲೇ ಬಂದು ಕೂರತೊಡಗಿದ. ತಂಗಿ ಕಾಗದದ ಮೇಲೆ ಪೆನ್ಸಿಲಿನಿಂದ ಒಂದು ಸ್ವರ ಬದಲಿಸಿದರೆ ಸಾಕು, ಇಡೀ ಹಾಡು ಮಗ್ಗುಲು ಬದಲಿಸಿ ಹೊಸದಾದಂತಾಗುತ್ತಿತ್ತು. ಇದು ನನಗೇಕೆ ಹೊಳೆಯಲಿಲ್ಲ ಎಂದು ಅಕ್ಕ ಪ್ರತಿ ಸಲವೂ ಕೇಳಿಕೊಂಡಳು. ಬಾಯಲ್ಲಿ ಮಾತ್ರ, "ಈ ಪಿಯಾನೋದ ಕೀಲಿಗಳೇ ಭಾರ" ಎಂದಳು. ಕುಣಿಯಲಾರದವಳಿಗೆ ನೆಲ ಡೊಂಕು ಎಂಬುದು ಅವಳಿಗೂ ಗೊತ್ತಿತ್ತು.

ಹಳೆಯ ಮುದ್ರಣಾಲಯದ ಮಹಡಿಯಲ್ಲಿ ಮೂರು ದಿನ ರೆಕಾರ್ಡಿಂಗ್ ನಡೆಯಿತು. ಏಳನೆಯದು ನಿಧಾನಗತಿಯ ರಚನೆ. ಅದನ್ನು ಎರಡು ಸಲ ನುಡಿಸಿದರು. ಮೊದಲ ಟೇಕಿನಲ್ಲಿ ತಂಗಿಯ ಟ್ರಾಂಬೋನ್ ಯಾರೋ ಪಕ್ಕದಲ್ಲಿ ಕೂತು ಕಷ್ಟಸುಖ ಹೇಳಿಕೊಂಡ ಹಾಗಿತ್ತು. ಮುಗಿದ ಮೇಲೆ ಯಾರೂ ಕುರ್ಚಿಯಿಂದ ಏಳಲಿಲ್ಲ. ಎರಡನೆಯದರಲ್ಲಿ ತಂಗಿ ದಣಿದಿದ್ದಳು, ಒಂದೆಡೆ ಉಸಿರು ಮುರಿಯಿತು. ಆದರೆ ಅಕ್ಕನ ಬೆರಳುಗಳು ಆವತ್ತು ಮೊದಲ ಬಾರಿಗೆ ಸಡಿಲವಾಗಿ ಓಡಿದವು.

ಟೇಕುಗಳನ್ನು ಆರಿಸಬೇಕಾದ ದಿನ ತಂಗಿಗೆ ದವಡೆಹಲ್ಲು ಕೀಳಿಸಿ ಕೆನ್ನೆ ಊದಿಕೊಂಡಿತ್ತು. "ನೀನೇ ಹೋಗಿ ಕೇಳೇ ಅಕ್ಕ. ನನ್ನ ಕಿವಿಗಿಂತ ನಿನ್ನ ಕಿವಿ ವಾಸಿ" ಎಂದಳು.

ಏಳನೆಯದು ಬಂದಾಗ ರೆಕಾರ್ಡಿಂಗಿನವನು ಕೇಳುವ ಮೊದಲೇ ಬರೆದುಕೊಳ್ಳಲು ಪೆನ್ನೆತ್ತಿದ. "ಮೊದಲನೇದೇ ಅಲ್ವಾ?"

"ಎರಡನೇದು."

"ನಿಜವಾಗ್ಲೂ?"

"ಮೊದಲನೇದರಲ್ಲಿ ಬೇಸ್ ಗಿಟಾರ್ ತಾಳಕ್ಕಿಂತ ಹಿಂದೆ ಬಿದ್ದಿದೆ."

ಅವನು ಅಕ್ಕನ ಮುಖವನ್ನು ಸ್ವಲ್ಪ ಹೊತ್ತು ನೋಡಿ ಬರೆದುಕೊಂಡ.

ಆಲ್ಬಮ್ ಹೊರಬಂದಾಗ ಪತ್ರಿಕೆಯೊಂದು ಹೊಗಳಿತು. ಏಳನೆಯ ಹಾಡಿನ ಪಿಯಾನೋ ಬಗ್ಗೆ ಪೂರ್ತಿ ಎರಡು ಸಾಲು ಇತ್ತು. ಅಕ್ಕ ಟೀಚರುಗಳ ಕೋಣೆಯಲ್ಲಿ ಅದನ್ನು ನಾಲ್ಕು ಸಲ ಓದಿದಳು. ಐದನೆಯ ಸಲ ಓದಲು ಆಗಲಿಲ್ಲ.

ಆ ವಾರವೇ ಶಾಲೆ ಬಿಟ್ಟ ಮೇಲೆ ತಂಗಿ ಸಂಗೀತದ ಕೋಣೆಗೆ ಬಂದಳು. ಮಕ್ಕಳ ಬೆಂಚಿನ ಮೇಲೆ ಮೊಣಕಾಲು ಮಡಚಿ ಕೂತಳು.

"ಎರಡೂ ಟೇಕ್ ಕೇಳಿದೆ ಅಕ್ಕ. ಬೇಸ್ ಹಿಂದೆ ಬಿದ್ದಿರ್ಲಿಲ್ಲ."

ನನಗೆ ಹಾಗೆ ಕೇಳಿಸಿತು ಎಂಬ ಮಾತು ಅಕ್ಕನ ನಾಲಿಗೆಯ ತುದಿಯಲ್ಲಿತ್ತು. "ಇಲ್ಲ. ಬಿದ್ದಿರ್ಲಿಲ್ಲ" ಎಂದಳು.

"ಮತ್ಯಾಕೆ?"

"ಹೊಟ್ಟೆಕಿಚ್ಚು ಕಣೇ. ಬೇರೆ ಏನಂತ ಹೇಳ್ಲಿ?"

ತಂಗಿ ಮಡಚಿದ್ದ ಕಾಲನ್ನು ಇಳಿಬಿಟ್ಟಳು. ಆಮೇಲೆ, "ಬಾಯಿಬಿಟ್ಟು ಕೇಳಿದ್ರೆ ನಿನಗಂತಲೇ ಒಂದು ಬರೆದುಕೊಡ್ತಿದ್ದೆ" ಎಂದಳು.

"ಬರೆದುಕೊಡ್ತೀನಿ ಅಂತ ನೀನು ಸಲೀಸಾಗಿ ಅಂತೀಯಲ್ಲ, ನಂಗೆ ತಡೆಯೋಕಾಗದೇ ಇರೋದೇ ಅದು."

ತಂಗಿ ಎದ್ದಳು. "ಆಲ್ಬಮ್ಮಿನ ಕಛೇರಿಲಿ ಪಿಯಾನೋಗೆ ಬೇರೆಯವರನ್ನ ಕರೆದಿದೀನಿ. ಸಿಟ್ಟು ಆರಿದ ಮೇಲೆ ಮನೆಗೆ ಬರ್ತೀನಿ. ಈಗ್ಲೇ ಅಲ್ಲ."

ಕಛೇರಿ ಭಾನುವಾರ ಬೆಳಿಗ್ಗೆ. ಅಕ್ಕ ಅಮ್ಮನನ್ನು ಕರೆದುಕೊಂಡು ಹೋಗಿ ಆರನೆಯ ಸಾಲಿನಲ್ಲಿ ಕೂತಳು. ಹೊಸ ಪಿಯಾನೋದವಳು ಚಿಕ್ಕವಳು, ಚೆನ್ನಾಗಿಯೇ ನುಡಿಸಿದಳು. ಅದಕ್ಕೂ ಅಕ್ಕನ ಹೊಟ್ಟೆ ಉರಿಯಿತು. ಏಳನೆಯ ರಚನೆಯಲ್ಲಿ ತಂಗಿ ಆಲ್ಬಮ್ಮಿನಲ್ಲಿದ್ದ ಹಾಗೆ ನುಡಿಸಲಿಲ್ಲ, ಮೊದಲ ಟೇಕಿನ ಹಾಗೂ ನುಡಿಸಲಿಲ್ಲ. ಮೂರನೆಯ ಒಂದು ದಾರಿ ಹಿಡಿದು, ಎರಡಕ್ಕಿಂತಲೂ ದೂರ ಹೋದಳು.

ಅಮ್ಮ ಅಕ್ಕನ ಕಿವಿಯ ಹತ್ತಿರ ಬಾಗಿದಳು. "ನೀನ್ಯಾಕೆ ವೇದಿಕೆ ಮೇಲಿಲ್ಲ?"

"ನಾನೇ ಕೆಡಿಸ್ಕೊಂಡೆ ಅಮ್ಮ."

ಅಮ್ಮನಿಗೆ ಏನು ಅರ್ಥವಾಯಿತೋ, ಮಗಳ ಮಡಿಲಲ್ಲಿದ್ದ ಕೈಚೀಲವನ್ನು ತಾನು ತೆಗೆದುಕೊಂಡು, "ಚಪ್ಪಾಳೆನಾದ್ರೂ ಸರಿಯಾಗಿ ಹೊಡಿ" ಎಂದಳು.

ಅಕ್ಕ ಹೊಡೆದಳು. ಅಂಗೈ ಕೆಂಪಾಗುವವರೆಗೆ ಹೊಡೆದಳು. ಹೊಟ್ಟೆಯ ಉರಿ ಮಾತ್ರ ಎಳ್ಳಷ್ಟೂ ತಗ್ಗಲಿಲ್ಲ.