ಕೋಳಿ ಪುಸ್ತಕಗಳ ಹಿಂದೆ

ಲೈಬ್ರರಿಯ ಕಪಾಟಿನೊಳಗೆ ಮೊಣಕೈವರೆಗೆ ಕೈ ತೂರಿಸಿದರೂ ಭುವನೇಶ್ವರಿಯ ಬೆರಳಿಗೆ ಧೂಳು ಬಿಟ್ಟು ಬೇರೇನೂ ಸಿಗಲಿಲ್ಲ. ಮುಂದಿನ ಸಾಲಿನ ಕೋಳಿ ಸಾಕಣೆಯ ಪುಸ್ತಕಗಳನ್ನು ಒಂದೊಂದಾಗಿ ನೆಲಕ್ಕಿಳಿಸಿದಳು. ಯಾರೋ ದಾನ ಕೊಟ್ಟ ಅವನ್ನು ಈ ಪಾಲಿಟೆಕ್ನಿಕ್ಕಿನಲ್ಲಿ ಯಾರೂ ಮುಟ್ಟುವುದಿಲ್ಲ. ಅದಕ್ಕೇ ನಿನ್ನೆ ಕಾಂಕ್ರೀಟ್ ವಿನ್ಯಾಸದ ಪುಸ್ತಕವನ್ನು ಅವುಗಳ ಹಿಂದೆ ಬಚ್ಚಿಟ್ಟಿದ್ದಳು. ಬಿಡಿಸಿದ ಲೆಕ್ಕಗಳಿದ್ದ ಪುಸ್ತಕ. ಲೈಬ್ರರಿಯಲ್ಲಿ ಇರುವುದು ಒಂದೇ ಪ್ರತಿ, ಹೊರಗೆ ಒಯ್ಯುವಂತಿಲ್ಲ.

ನಾಳೆ ಪರೀಕ್ಷೆ. ಒಮ್ಮೆ ನಪಾಸಾದ ವಿಷಯ. ಈ ಸಲವೂ ಹೋದರೆ ಹಾಸ್ಟೆಲಿನ ಸೀಟು ಹೋಗುತ್ತದೆ. ಆಮೇಲೆ ಗಂಟು ಕಟ್ಟಿಕೊಂಡು ರಾಂಜಣಗಾಂವದ ತಗಡಿನ ಕೋಣೆಗೆ, ಅಪ್ಪ ಕಾರ್ಖಾನೆಯ ಪಾಳಿ ಮುಗಿಸಿ ಬಂದು ಮಲಗುವಲ್ಲಿಗೆ. ಅಲ್ಲಿಂದ ದಿನಾ ಕಾಲೇಜಿಗೆ ಬರುವುದು ಆಗುವ ಮಾತಲ್ಲ.

"ಏನ ಹುಡುಕ್ಲಿಕತ್ತೀಯವಾ?"

ಹಿಂದೆ ಲೈಬ್ರರಿಯ ಅನುಸೂಯಾಬಾಯಿ. ಗಡಿಯ ಜತ್ತಿನ ಕಡೆಯವರು; ಈ ಮರಾಠಿ ಊರಲ್ಲೂ ಕನ್ನಡದ ಹುಡುಗಿಯರೊಡನೆ ಮರಾಠಿ ಆಡುವುದಿಲ್ಲ.

"ಏನಿಲ್ರಿ ಬಾಯಾರ."

"ಕಟ್ಟಡ ಕಟ್ಟೂದು ಬಿಟ್ಟು ಕೋಳಿ ಸಾಕ್ತೀಯೇನ?"

ಭುವನೇಶ್ವರಿ ನಗಲು ನೋಡಿದಳು. ಪುಸ್ತಕದ ಹೆಸರೆತ್ತಿದರೆ, ಅದನ್ನು ಇಲ್ಲಿ ಯಾಕೆ ಹುಡುಕುತ್ತೀ ಎಂದು ಕೇಳುತ್ತಾರೆ. ಪುಸ್ತಕ ಬಚ್ಚಿಟ್ಟ ಹುಡುಗನೊಬ್ಬನ ಕಾರ್ಡನ್ನು ಈ ಬಾಯಿಯವರೇ ಹೋದ ತಿಂಗಳು ಎಲ್ಲರೆದುರು ಕಸಿದುಕೊಂಡಿದ್ದರು.

"ಇಳಿಸಿದ್ದು ತಿರುಗಿ ಏರ್ಸು. ಮುಂಜಾನಿಂದ ಕಪಾಟು ಜೋಡಿಸಿ ನನ್ನ ನಡಾ ಬಿದ್ದದ. ದಾರಿ ತಪ್ಪಿದ್ದನ್ನೆಲ್ಲ ಅದರದರ ಮನಿಗೆ ಮುಟ್ಟಿಸೀನಿ."

ಅವರು ಹೋದ ಮೇಲೆ ಆ ಮಾತು ತಲೆಗೆ ಹತ್ತಿತು. ಭುವನೇಶ್ವರಿ ಕಂಪ್ಯೂಟರಿನ ಬಳಿಗೆ ಓಡಿದಳು. ಹೆಸರು ಒತ್ತುವಾಗ ಎರಡು ಸಲ ತಪ್ಪಾಯಿತು. ಪರದೆ ನಂಬರು ಕೊಟ್ಟಿತು. ಪುಸ್ತಕ ಕಪಾಟಿನಲ್ಲೇ ಇದೆ ಎಂದಿತು. ಆ ನಂಬರಿನ ಸಾಲನ್ನು ಅವಳು ಬೆಳಗಿನಿಂದ ನೋಡಿಯೇ ಇರಲಿಲ್ಲ. ಬಚ್ಚಿಟ್ಟವಳು ಅಲ್ಲೇಕೆ ನೋಡುತ್ತಾಳೆ? ಬೆನ್ನಿನ ಚೀಟಿಗಳ ಮೇಲೆ ಬೆರಳಾಡಿಸುತ್ತ ಹೋದಳು. ಆ ನಂಬರು ಇರಬೇಕಾದಲ್ಲಿ ಸಂದು; ಪಕ್ಕದ ದಪ್ಪ ಪುಸ್ತಕ ಆಗಲೇ ಅದರೊಳಕ್ಕೆ ವಾಲಿತ್ತು.

ಕಿಟಕಿಯ ಮೇಜಿನಲ್ಲಿ ಅದೇ ಪುಸ್ತಕ ತೆರೆದುಕೊಂಡು ಕೂತಿದ್ದವಳು ಇಂಪನಾ, ಹಿಂಜವಾಡಿಯಿಂದ ಬರುವ ಸಹಪಾಠಿ.

"ಸಿಕ್ತು ಕಣೇ! ನಂಬರ್ ನೋಡ್ಕೊಂಡು ಸೀದಾ ಹೋದೆ, ಅಲ್ಲೇ ಇತ್ತು. ನಿನ್ನೆ ಕೇಳಿದ್ರೆ, ಯಾರೋ ಎತ್ಕೊಂಡ್ ಹೋಗಿದಾರೆ ಅಂದ್ಯಲ್ಲ?"

"ಹಂಗ ಅನಿಸಿತ್ತು."

ಇಂಪನಾ ಅವಳ ತೋಳಿಗೆ ಮೆತ್ತಿದ್ದ ಧೂಳು ನೋಡಿದಳು. ಆಮೇಲೆ ಮುಖ. ನಗು ಇಳಿಯಿತು.

"ನನಗೂ ಸ್ವಲ್ಪ ನೋಡೂದಿತ್ತು, ಇಂಪನಾ."

"ಮುಗಿದ್ಮೇಲೆ ಅದರ ಜಾಗದಲ್ಲೇ ಇಡ್ತೀನಿ. ಆಮೇಲೆ ತಗೋ."

ಲೈಬ್ರರಿ ಮುಚ್ಚಲು ಹೆಚ್ಚು ಹೊತ್ತಿರಲಿಲ್ಲ. ಭುವನೇಶ್ವರಿ ಎದುರಿನ ಕುರ್ಚಿ ಎಳೆದು ಕೂತು, ಹಾಳೆ ತೆಗೆದು, ಅಡಿಮೇಲಾಗಿ ಕಾಣುತ್ತಿದ್ದ ಲೆಕ್ಕವನ್ನು ಬರೆದುಕೊಳ್ಳತೊಡಗಿದಳು. ತೊಲೆಯ ಚಿತ್ರದಲ್ಲಿ ತಳದಲ್ಲಿರಬೇಕಾದ ಸರಳುಗಳು ಅವಳ ಕಡೆಯಿಂದ ಮೇಲಿದ್ದವು. ಮೂರನೆಯ ಸಾಲಿನ ಅಂಕಿ ಎಂಟೋ ಮೂರೋ ಎಂದು ಬಗ್ಗಿ ನೋಡುತ್ತಿದ್ದಳು.

ಇಂಪನಾ ಪುಟ ತಿರುವಿದಳು.