ರಗ್ನಾಳಿಗೆ ಓದಿ ಹೇಳಿದ್ದು

ಬ್ರಾಂದುರ್ ಕಾಗದವನ್ನು ಅಡುಗೆಮನೆಯ ಮೇಜಿನ ಮೇಲಿಟ್ಟು ಅದರ ಮಡಿಕೆಗಳನ್ನು ಅಂಗೈಯಿಂದ ಸವರಿದ. ಹಲೀನಾ ಮೂರು ಸಂಜೆ ಕೂತು ಬರೆದ ಹದಿನೆಂಟು ಸಾಲುಗಳು. ಈಗ ಅವುಗಳಲ್ಲಿ ಅವಳ ಅಕ್ಷರಕ್ಕಿಂತ ಕೆಂಪು ಶಾಯಿಯೇ ಹೆಚ್ಚಾಗಿತ್ತು. ನಲವತ್ತು ವರ್ಷ ಮೇಷ್ಟ್ರಾಗಿದ್ದವನ ಕೈಗೆ ಪೆನ್ನು ಸಿಕ್ಕರೆ ಸುಮ್ಮನಿರುತ್ತದೆಯೇ?

"ಬೇಜಾರು ಮಾಡ್ಕೋಬೇಡಿ. ಪೇಪರಲ್ಲಿ ಬರೋದು ನೋಡಿ, ಊರೋರೆಲ್ಲ ಓದ್ತಾರೆ," ಎಂದ.

ಹಲೀನಾಳಿಗೆ ಬೇಜಾರಾಗಿತ್ತು. ಆದರೂ ತಲೆಯಾಡಿಸಿದಳು. ಎದುರಿಗೆ ಕೂತವನ ಅಕ್ಕ ರಗ್ನಾ ಸತ್ತು ಇನ್ನೂ ಐದು ದಿನ, ಶನಿವಾರ ಮಣ್ಣು. ಐಸ್‌ಲ್ಯಾಂಡಿನಲ್ಲಿ ಯಾರಾದರೂ ಸತ್ತರೆ ಒಡಹುಟ್ಟಿದವರು, ಮೊಮ್ಮಕ್ಕಳು, ಜೊತೆಯಲ್ಲಿ ದುಡಿದವರು ಎಲ್ಲರೂ ರಾಜಧಾನಿಯ ಪತ್ರಿಕೆಗೆ ಅವರ ಬಗ್ಗೆ ನಾಲ್ಕು ಮಾತು ಬರೆಯುತ್ತಾರೆ. ಮಣ್ಣಿನ ದಿನ ಅದು ಅಚ್ಚಾಗುತ್ತದೆ. ನಾಳೆ ಮಧ್ಯಾಹ್ನದೊಳಗೆ ಬರಹ ತಲುಪಬೇಕು. ರಗ್ನಾಳ ಬಗ್ಗೆ ತಾನೊಂದು ಬರೆಯದೆ ಹೋದರೆ ಈ ಊರಲ್ಲಿ ಹದಿನಾಲ್ಕು ವರ್ಷ ಬದುಕಿದ್ದೂ ಒಂದೇ, ಬಿಟ್ಟದ್ದೂ ಒಂದೇ ಎಂದು ಹಲೀನಾಳಿಗೆ ಅನ್ನಿಸಿತ್ತು. ತನ್ನ ಮಾತಿನಲ್ಲೇ ಬರೆಯಬೇಕು, ನಿಜವನ್ನೇ ಬರೆಯಬೇಕು. ಅವಳ ಆಸೆ ಅಷ್ಟೇ.

ಪೋಲೆಂಡಿನಿಂದ ಬಂದು ಇಲ್ಲಿನ ಮೀನಿನ ಕಾರ್ಖಾನೆ ಸೇರಿದ ಮೇಲೆ ಭಾಷೆ ಕಲಿಯಲು ಅವಳು ಮಾಡದ ಪ್ರಯತ್ನವಿಲ್ಲ. ಕಾರ್ಮಿಕ ಸಂಘದವರು ಸಂಜೆ ಶಾಲೆಯಲ್ಲಿ ಪಾಠ ನಡೆಸಿದರು. ಎಂಟು ಗಂಟೆ ತಣ್ಣನೆಯ ಮೀನಿನಲ್ಲಿ ಕೈಯಾಡಿಸಿ ಬಂದವರು ಮೂರನೇ ಪಾಠದ ಹೊತ್ತಿಗೆ ಬೆಂಚಿನ ಮೇಲೆ ತೂಕಡಿಸತೊಡಗಿದರು. ಫೋನಿನೊಳಗಿನ ಪಾಠ 'ಕರಡಿ ಹಾಲು ಕುಡಿಯುತ್ತಿದೆ' ಎಂದು ಹೇಳಿಕೊಟ್ಟಿತು. ಅದನ್ನು ಯಾರಿಗಾದರೂ ಹೇಳುವ ಸಂದರ್ಭ ಅವಳಿಗೆ ಇವತ್ತಿನವರೆಗೂ ಬಂದಿಲ್ಲ. ಮನೆಯ ಬಾಗಿಲು, ಕುರ್ಚಿ, ಸಕ್ಕರೆ ಡಬ್ಬಿಗೆಲ್ಲ ಹೆಸರಿನ ಚೀಟಿ ಅಂಟಿಸಿದಳು. ಇಷ್ಟೆಲ್ಲ ಮಾಡಿ ಅಂಗಡಿಗೆ ಹೋಗಿ ಬಾಯಿ ತೆರೆದರೆ, ಅವಳ ಉಚ್ಚಾರ ಕಿವಿಗೆ ಬಿದ್ದದ್ದೇ ಅಂಗಡಿಯವಳು ಇಂಗ್ಲಿಷಿಗೆ ಹಾರುತ್ತಿದ್ದಳು. ಉಪಕಾರ ಮಾಡುತ್ತಿದ್ದೇನೆಂದೇ ಆ ಹೆಂಗಸಿನ ಎಣಿಕೆ. ಹಲೀನಾಳಿಗೆ ಇಂಗ್ಲಿಷೂ ಬರುತ್ತಿರಲಿಲ್ಲ. ಅತ್ತ ದರಿ, ಇತ್ತ ಪುಲಿ.

ಇಂಗ್ಲಿಷಿಗೆ ಹಾರದವಳು ರಗ್ನಾ ಒಬ್ಬಳೇ. ಕಾರ್ಖಾನೆಯಲ್ಲಿ ಒಂದೇ ಮೇಜಿನಲ್ಲಿ ಮೀನಿನ ಮುಳ್ಳು ತೆಗೆಯುತ್ತಿದ್ದಾಗ ಅವಳು ಹಲೀನಾಳ ಜೊತೆ ಯಾವ ಭಾಷೆಯಲ್ಲೂ ಮಾತಾಡಿರಲಿಲ್ಲ ಎನ್ನುವುದೇ ಸರಿ. ಮುಳ್ಳು ಉಳಿದರೆ ಆ ತುಂಡನ್ನು ಚಾಕುವಿನ ತುದಿಯಿಂದ ಇವಳ ಕಡೆಗೆ ನೂಕುತ್ತಿದ್ದಳು, ಅಷ್ಟೇ. ಕೆಲಸ ಬಿಟ್ಟು ಎಷ್ಟೋ ವರ್ಷದ ಮೇಲೆ, ನಾಲ್ಕು ಚಳಿಗಾಲದ ಹಿಂದೆ, ಅಂಗಡಿಯಲ್ಲಿ ಹಲೀನಾಳ ದನಿ ಹಿಡಿದು ಬಂದು ಅವಳ ತೋಳು ಮುಟ್ಟಿದಳು.

"ನಿನ್ನ ಮಾತು ಕೇಳಕ್ಕಾಗಲ್ಲ ಕಣೇ. ಕೆಲಸ ಮುಗಿಸ್ಕೊಂಡು ದಿನಾ ಮನೆಗೆ ಬಾ. ಕಾಫಿ ನಂದು, ಓದೋದು ನಿಂದು."

ಓದಲು ಕೊಟ್ಟದ್ದು ಪತ್ರಿಕೆಯ ಸತ್ತವರ ಪುಟ. ಸುದ್ದಿ ಬರೆಯುವವರೆಲ್ಲ ಹಾಲುಹಲ್ಲಿನ ಹುಡುಗರು, ಅವರ ಭಾಷೆ ಯಾರಿಗೆ ಬೇಕು, ಈ ಪುಟವನ್ನು ನಮ್ಮಂಥವರು ಬರೆಯುತ್ತಾರೆ ಎನ್ನುವುದು ರಗ್ನಾಳ ವಾದ. ಹಲೀನಾ ಗಟ್ಟಿಯಾಗಿ ಓದಬೇಕು. ತಪ್ಪಿದ ಕಡೆ ರಗ್ನಾ ಏನೂ ಹೇಳುತ್ತಿರಲಿಲ್ಲ. ಕಾಫಿ ಚಮಚದಿಂದ ಬಟ್ಟಲಿನ ಅಂಚಿಗೆ ಒಂದು ಸಲ ತಟ್ಟುತ್ತಿದ್ದಳು. ಸರಿಯಾಗುವ ತನಕ ಅದೇ ಪದ. ಮೊದಲ ತಿಂಗಳು ಒಬ್ಬ ಸತ್ತವನನ್ನು ದಾಟಲು ಎರಡು ಸಂಜೆ ಬೇಕಾಗುತ್ತಿತ್ತು. ನಡುನಡುವೆ ರಗ್ನಾಳ ಟಿಪ್ಪಣಿ ಬೇರೆ. ಯಾರೋ ಒಬ್ಬನ ಮನೆಯ ಬಾಗಿಲು ಸದಾ ಎಲ್ಲರಿಗೂ ತೆರೆದಿತ್ತು ಎಂದು ಬರೆದಿದ್ದರೆ, "ಚಿಲಕ ಮುರಿದಿತ್ತು, ಹೊಸದು ಹಾಕ್ಸಕ್ಕೆ ಜೀವ ಹೋಗ್ತಿತ್ತು ಅವ್ನಿಗೆ," ಎನ್ನುವಳು. ಆಮೇಲೆ ಗಂಭೀರವಾಗಿ ಹೇಳುವಳು: "ನಾನು ಸತ್ರೆ ಸುಳ್ಳು ಬರೀಬೇಡ."

ಹೀಗೆ ಕಲಿತ ಭಾಷೆಗೆ ಅದರದೇ ವಾಸನೆ ಅಂಟಿತು. ಕಾರ್ಖಾನೆಯ ಲಾರಿ ಡ್ರೈವರಿಗೆ ಅರವತ್ತು ತುಂಬಿದ ದಿನ ಹಲೀನಾ ಅವನ ಕೈಕುಲುಕಿ, ನಿನ್ನ ನೆನಪು ನಮಗೆ ಬೆಳಕಾಗಿರಲಿ ಎಂದು ಹರಸಿದಳು. ಕಾರ್ಖಾನೆ ಒಂದು ವಾರ ನಕ್ಕಿತು. ಡ್ರೈವರ್ ಮಾತ್ರ ಹೋಗಿ ರಕ್ತದೊತ್ತಡ ನೋಡಿಸಿಕೊಂಡು ಬಂದ.

ಮೊದಲ ವಸಂತದಲ್ಲಿ ಹಲೀನಾ ತಾನೇ ಒಂದು ಪುಟ ಬರೆದು ಒಯ್ದಳು. ರಗ್ನಾ ಅದನ್ನು ಕೈಗೆ ತೆಗೆದುಕೊಂಡು, ಕಿಟಕಿಯ ಕಡೆ ಹಿಡಿದು, ಅಕ್ಷರ ದುಂಡಗಿದೆ ಎಂದು ಹೊಗಳಿದಳು. ಅವಳು ನೋಡುತ್ತಿದ್ದದ್ದು ಕಾಗದದ ಖಾಲಿ ಬೆನ್ನನ್ನು. ಹಲೀನಾ ಏನೂ ಹೇಳಲಿಲ್ಲ. ಆ ಮೌನವೇ ಸಾಕಾಯಿತು. ಕಣ್ಣಿನ ನಡುಭಾಗ ಸವೆದುಹೋಗಿದೆ, ಅಂಚಿನಲ್ಲಿ ಮಾತ್ರ ಕಾಣುತ್ತದೆ, ಡಾಕ್ಟರು ಕೈಚೆಲ್ಲಿದ್ದಾರೆ ಎಂದು ರಗ್ನಾ ಹೇಳಿದಳು. ದಾರಿಯಲ್ಲಿ ಸಿಕ್ಕವರ ಗುರುತು ಹತ್ತದೆ ಸುಮ್ಮನೆ ಹೋಗುತ್ತಿದ್ದಳು. ಊರವರು ಮುದುಕಿಗೆ ಜಂಬ ಬಂದಿದೆ ಎಂದುಕೊಂಡಿದ್ದರು. ಹಾಗೇ ಅಂದುಕೊಳ್ಳಲಿ ಎಂದು ಬಿಟ್ಟಿದ್ದಳು.

"ಬ್ರಾಂದುರ್‌ಗೆ ಗೊತ್ತಾದ್ರೆ ನನ್ನನ್ನ ಗುಡ್ಡದಾಚೆ ವೃದ್ಧಾಶ್ರಮಕ್ಕೆ ಸೇರಿಸ್ತಾನೆ. ಒಳ್ಳೇವ್ನು, ಅದಕ್ಕೇ ಭಯ. ಹೇಳಲ್ಲ ಅಂತ ಮಾತು ಕೊಡು."

ಹಲೀನಾ ಮಾತು ಕೊಟ್ಟಳು.

ಆ ವರ್ಷವೇ ಬ್ರಾಂದುರನ ಪುಸ್ತಕ ಬರತೊಡಗಿತು. ಗುಡ್ಡದಾಚೆಯ ಪೇಟೆಯಲ್ಲಿ ನಿವೃತ್ತನಾಗಿ ಕೂತವನು ಈ ಕೊಲ್ಲಿಯ ದೋಣಿಗಳ ಮತ್ತು ಅವುಗಳಲ್ಲಿ ಮುಳುಗಿದವರ ಚರಿತ್ರೆ ಬರೆಯಲು ಹಿಡಿದಿದ್ದ. ಒಂದೊಂದು ಅಧ್ಯಾಯ ಮುಗಿದ ಹಾಗೆ ಅಕ್ಕನಿಗೆ ಅಂಚೆಯಲ್ಲಿ ಕಳಿಸುವನು. ಹಲೀನಾ ವಾರವಿಡೀ ಓದುವಳು, ತಿಳಿಯದ ಪದದ ಮೇಲೆ ಸಣ್ಣಗೆ ಪೆನ್ಸಿಲಿನಲ್ಲಿ ತನ್ನ ಭಾಷೆಯ ಅರ್ಥ ಬರೆದುಕೊಳ್ಳುವಳು, ಚಮಚ ತಟ್ಟುವುದು. ಭಾನುವಾರ ರಗ್ನಾ ತಮ್ಮನಿಗೆ ಫೋನು ಮಾಡಿ, ಅರವತ್ತನೇ ಪುಟದ ದೋಣಿಗೆ ಹಸಿರು ಬಣ್ಣ ಇರಲಿಲ್ಲ, ಬರೀ ಕರೀ ಡಾಂಬರು ಎಂದು ತಿದ್ದುವಳು. ನಾನೂರು ಪುಟ ಹೀಗೆ ಸಾಗಿತು. ಕೊನೆಯ ಅಧ್ಯಾಯ ಬಂದದ್ದು ಹೋದ ಡಿಸೆಂಬರಿನಲ್ಲಿ. ಅವರ ಅಪ್ಪ ಮುಳುಗಿದ ದೋಣಿಯದು. ಹಲೀನಾ ಶೀರ್ಷಿಕೆ ಓದುತ್ತಿದ್ದ ಹಾಗೆ ರಗ್ನಾ ಕೈ ಚಾಚಿ ಕಾಗದವನ್ನು ಮುಚ್ಚಿದಳು. "ಇದು ಬೇಡ ಕಣೇ. ಇದು ನಂಗೆ ಗೊತ್ತು."

ಈಗ ಬ್ರಾಂದುರ್ ಪೆನ್ನಿನ ತುದಿಯನ್ನು ಒಂದು ಸಾಲಿನ ಕೆಳಗೆ ಇಟ್ಟ. 'ನಾಲ್ಕು ವರ್ಷ ದಿನಾ ಸಂಜೆ ನಾನು ರಗ್ನಾಳಿಗೆ ಓದಿ ಹೇಳುತ್ತಿದ್ದೆ' ಎಂದು ಹಲೀನಾ ಬರೆದಿದ್ದಳು. ಮಾತು ಕೊಟ್ಟದ್ದು ಬದುಕಿದ್ದವಳಿಗೆ, ಸುಳ್ಳು ಬರೀಬೇಡ ಎಂದವಳೂ ಅವಳೇ ಎಂದು ಮೂರು ಸಂಜೆ ತನ್ನೊಳಗೇ ಜಗಳಾಡಿ ಬರೆದ ಸಾಲು ಅದು. ಬ್ರಾಂದುರ್ ಅದನ್ನು ಹೊಡೆದುಹಾಕಿ, ಮೇಲೆ ಅಂದವಾಗಿ, 'ರಗ್ನಾ ನನಗೆ ಓದಿ ಹೇಳುತ್ತಿದ್ದಳು' ಎಂದು ಬರೆದಿದ್ದ.

"ಇಲ್ಲಿ ಹಿಂದುಮುಂದಾಗಿತ್ತು, ಸರಿ ಮಾಡಿದೀನಿ," ಎಂದ. ಅವನ ದನಿಯಲ್ಲಿ ಕುಹಕವಿರಲಿಲ್ಲ. ಹೊಸಬರಿಗೆ ಇಂಥ ತಪ್ಪು ಸಹಜ ಎನ್ನುವ ಕನಿಕರವಿತ್ತು.

ಹಲೀನಾ ಹೇಳಲೆಂದೇ ಬಾಯಿ ತೆರೆದಳು. ಅಷ್ಟರಲ್ಲಿ ಅವನು ಅಕ್ಕನ ಬಗ್ಗೆ ಪತ್ರಿಕೆಗೆ ಬರೆದ ತನ್ನ ಬರಹವನ್ನು ಜೇಬಿನಿಂದ ತೆಗೆದಿದ್ದ. ಪುಸ್ತಕವನ್ನು ಮೂರು ಪ್ರಕಾಶಕರು ವಾಪಸು ಕಳಿಸಿದರು, ಪರವಾಗಿಲ್ಲ ಎಂದ. ಅಕ್ಕ ಒಬ್ಬಳು ಕೊನೆಯ ಪುಟದವರೆಗೆ ಓದಿದಳಲ್ಲ.

"ಕ್ರಿಸ್‌ಮಸ್ಸಿಗೆ ಮುಂಚೆ ಫೋನ್ ಮಾಡಿದ್ಲು. ಅಪ್ಪನ ಅಧ್ಯಾಯ ಓದ್ದೆ, ಅದ್ರಲ್ಲಿ ತಿದ್ದೋದು ಏನೂ ಇಲ್ಲ ಅಂದ್ಲು. ಹುಟ್ಟಿದಾಗಿಂದ ನನ್ನ ಯಾವ ಬರವಣಿಗೆಗೂ ಹಾಗೆ ಅಂದೋಳಲ್ಲ." ಜೇಬಿನಿಂದ ತೆಗೆದ ಕಾಗದವನ್ನು ಬಿಡಿಸಿದ. "ನಾನು ಬರೆದಿರೋದು ಅಲ್ಲಿಂದ್ಲೇ ಶುರುವಾಗುತ್ತೆ."

ಹಲೀನಾ ಮೇಜಿನ ಮೇಲಿನ ಕೆಂಪು ಗೆರೆ ನೋಡಿದಳು. ಎಪ್ಪತ್ತೆರಡು ವರ್ಷದ ಆ ಮುದುಕನ ಮುಖ ನೋಡಿದಳು.

"ಹೌದು," ಎಂದಳು. "ಹಿಂದುಮುಂದಾಗಿತ್ತು."

ಶನಿವಾರದ ಪತ್ರಿಕೆಯಲ್ಲಿ ಅವಳ ಹೆಸರಿನ ಕೆಳಗೆ ಒಂದು ತಪ್ಪೂ ಇಲ್ಲದ ಹದಿನೆಂಟು ಸಾಲು ಬಂತು. ಯಾರೋ ಅದನ್ನು ಕತ್ತರಿಸಿ ಕಾರ್ಖಾನೆಯ ಕಾಫಿ ಕೋಣೆಯ ಗೋಡೆಗೆ ಅಂಟಿಸಿದರು. ಮಣ್ಣಾದ ಮೇಲೆ ಊರವರೆಲ್ಲ ಸೇರುವ ಕಾಫಿಯಲ್ಲಿ ಅಂಗಡಿಯವಳು, ಒಳಗೆ ಸಕ್ಕರೆ ಹಾಕಿ ಸುರುಳಿ ಸುತ್ತಿದ ಇಲ್ಲಿನ ಮೈದಾ ದೋಸೆಯ ತಟ್ಟೆ ಹಿಡಿದುಕೊಂಡು ಬಂದು, ಮೊಟ್ಟಮೊದಲ ಸಲ ಇಲ್ಲಿನ ಭಾಷೆಯಲ್ಲೇ, ಎಷ್ಟು ಚೆನ್ನಾಗಿ ಬರೆದಿದ್ದೀಯ ಎಂದಳು. ಆ ವಯಸ್ಸಿನಲ್ಲೂ ದಿನಾ ನಿನಗೆ ಓದಿ ಹೇಳಿದಳಲ್ಲ, ಏನು ತಾಳ್ಮೆ ರಗ್ನಾಳದು ಎಂದಳು. ಹದಿನಾಲ್ಕು ವರ್ಷ ಹಲೀನಾ ಕಾದಿದ್ದ ಗಳಿಗೆ ಅದು. ಕದ್ದ ಅಂಗಿ ತೊಟ್ಟು ಜಾತ್ರೆಗೆ ಬಂದವಳಂತೆ ಗೋಡೆಯ ಕಡೆ ಸರಿದು ನಿಂತಳು.

ನವೆಂಬರಿನಲ್ಲಿ ಬೆಟ್ಟದ ಹಿಂದೆ ಹೋದ ಸೂರ್ಯ ಜನವರಿ ಕೊನೆಗೆ ಒಂದು ದಿನ ಹತ್ತು ನಿಮಿಷ ಊರಿಗೆ ಮುಖ ತೋರಿಸುತ್ತಾನೆ. ಅವತ್ತು ಮನೆಮನೆಯಲ್ಲೂ ದೋಸೆ, ಕಾಫಿ. ಆ ವರ್ಷ ಮೋಡ ಕವಿದು ಅವನು ಬರಲಿಲ್ಲ. ಹಾಗೆಂದು ಯಾರೂ ದೋಸೆ ಬಿಡಲಿಲ್ಲ. ಹಲೀನಾ ಒಲೆಯ ಮುಂದೆ ನಿಂತಿದ್ದಾಗ ಬಾಗಿಲು ಬಡಿದದ್ದು ಬ್ರಾಂದುರ್. ಅಕ್ಕನ ಮನೆ ಖಾಲಿ ಮಾಡಲು ಬಂದವನು ರಟ್ಟಿನ ಪೆಟ್ಟಿಗೆ ಹೊತ್ತು ಇಳಿಜಾರು ಇಳಿದು ಬಂದಿದ್ದ. ಕೋಟೂ ಬಿಚ್ಚದೆ ಕೂತು, ಪೆಟ್ಟಿಗೆಯಿಂದ ತನ್ನ ನಾನೂರು ಪುಟಗಳನ್ನು ತೆಗೆದು ಮೇಜಿನ ಮೇಲಿಟ್ಟ. ಪೆನ್ಸಿಲಿನ ಅಕ್ಷರ ಮೇಲಿನ ಪುಟದಲ್ಲಿ ಇರುವೆ ಸಾಲಿನಂತೆ ಮುತ್ತಿತ್ತು.

"ಇದು ನಿಮ್ಮ ಕೈಬರಹ."

ಹಲೀನಾ ಒಲೆ ಆರಿಸಿದಳು.

"ಮೊದಲ್ನೇ ಅಧ್ಯಾಯದಲ್ಲಿ ಸಾಲಿಗೆ ಮೂರು ಪದ. ಒಂಬತ್ತನೇದಕ್ಕೆ ಬರೋ ಹೊತ್ತಿಗೆ ಪುಟಕ್ಕೆ ಒಂದು," ಎಂದ ಮೇಷ್ಟ್ರು. ಪುಟಗಳನ್ನು ನಿಧಾನವಾಗಿ ಮಗುಚಿ ಕೊನೆಯ ಕಟ್ಟಿಗೆ ಬಂದ. "ಇದ್ರಲ್ಲಿ ಒಂದೂ ಇಲ್ಲ."

ಅಷ್ಟು ಹೊತ್ತಿಗೆ ನನಗೆ ಎಲ್ಲ ಪದವೂ ಬರುತ್ತಿತ್ತು ಎಂದುಬಿಟ್ಟರೆ ಮುಗಿಯುತ್ತಿತ್ತು. ಅವನು ಅವಳ ಬಾಯನ್ನೇ ನೋಡುತ್ತಿದ್ದ. ಆ ಸುಳ್ಳಿಗೇ ಕಾಯುತ್ತಿದ್ದಂತೆ ಇತ್ತು. ಒಂದು ಸುಳ್ಳನ್ನು ಅಚ್ಚು ಹಾಕಿಸಿಯಾಗಿತ್ತು. ಇನ್ನೊಂದು ಹಲೀನಾಳ ಬಾಯಿಂದ ಹೊರಡಲಿಲ್ಲ.

"ಅದನ್ನ ಓದಕ್ಕೆ ಬಿಡ್ಲಿಲ್ಲ ಅವ್ರು. ಬೇಡ, ಇದು ನಂಗೆ ಗೊತ್ತು ಅಂದ್ರು."

ಬ್ರಾಂದುರ್ ಕೊನೆಯ ಕಟ್ಟಿನ ಅಂಚುಗಳನ್ನು ಸರಿಮಾಡಿದ. ಅಕ್ಕನಿಗೆ ಎಷ್ಟು ವರ್ಷದಿಂದ ಕಣ್ಣು ಕಾಣುತ್ತಿರಲಿಲ್ಲ ಎಂದು ಕೇಳಿದ. ನಾಲ್ಕು ಎಂದಳು.

"ನಾನು ಬಂದಾಗೆಲ್ಲ, ಆ ನೀಲಿ ಕೋಟು ಬಿಟ್ರೆ ಬೇರೆ ಇಲ್ವೇನೋ ಅಂತಿದ್ಲು. ಕಣ್ಣು ಕಾಣದೆ ಹೇಗೆ ಅಂತಿದ್ಲು?"

"ನಿಮಗೆ ಇರೋದೇ ಒಂದು ಕೋಟು ಅಲ್ವಾ," ಎಂದಳು ಹಲೀನಾ ಮೆಲ್ಲಗೆ.

ಅವನು ತನ್ನ ತೋಳನ್ನೇ ನೋಡಿಕೊಂಡ. ನಗು ಬಂದಂತಾಗಿ, ಅರ್ಧದಲ್ಲೇ ಮುಖ ಕಿವುಚಿಕೊಂಡು, ಎರಡೂ ಕೈಯಿಂದ ಕಣ್ಣೊರೆಸಿಕೊಂಡ. ಹಲೀನಾ ಕಾಫಿ ಬಗ್ಗಿಸಿ, ದೋಸೆಯ ತಟ್ಟೆ, ಸಕ್ಕರೆ, ಚಮಚ ಅವನ ಮುಂದಿಟ್ಟು ಎದುರಿಗೆ ಕೂತಳು.

"ಪೇಪರಲ್ಲಿ ತಪ್ಪು ಬಂತು," ಎಂದ ಕೊನೆಗೆ. "ನಂದು." ಆಮೇಲೆ, ಅಪ್ಪ ಹೋದಾಗ ತಾನು ನಾಲ್ಕು ವರ್ಷದವನು, ಅಮ್ಮ ದಿನವಿಡೀ ಮೀನು ಒಣಹಾಕಲು ಹೋಗುತ್ತಿದ್ದಳು, ಓದು ಕಲಿಸಿದವಳು ಅಕ್ಕನೇ ಎಂದ. ಅವಳಿಗೆ ಆಗ ಹದಿಮೂರು. ಅಷ್ಟು ಹೇಳಿ ಕೊನೆಯ ಅಧ್ಯಾಯವನ್ನು ಹಲೀನಾಳ ಕಡೆಗೆ ತಿರುಗಿಸಿ ತಳ್ಳಿದ.

"ಓದು," ಎಂದ.

ಹಲೀನಾ ಅವನನ್ನೊಮ್ಮೆ ನೋಡಿ, ಕನ್ನಡಕ ಹಾಕಿಕೊಂಡು ಓದತೊಡಗಿದಳು. ದೋಣಿಯ ಹೆಸರು, ಹತ್ತಿದ ಐದು ಜನರ ಹೆಸರು, ಅವರ ಹೆಂಡಿರ ಹೆಸರು. ಬೆಳಿಗ್ಗೆ ಗಾಳಿ ಯಾವ ಕಡೆಗಿತ್ತು ಎಂಬುದು. ದೋಣಿಕಟ್ಟೆಯಲ್ಲಿ ತಮ್ಮನನ್ನು ಸೊಂಟದ ಮೇಲೆ ಹೊತ್ತು ನಿಂತಿದ್ದ ಹುಡುಗಿಯೊಬ್ಬಳು. ಅಲ್ಲೊಂದು ಉದ್ದದ ಪದ ಬಂತು. ಹಿಂದೆ ಎಂದೂ ಕಂಡಿರದ ಪದ. ಹಲೀನಾ ಅದನ್ನು ಹೇಗೋ ದಾಟಿ ಮುಂದೆ ಹೋಗಲು ನೋಡಿದಳು.

ಚಮಚ ಬಟ್ಟಲಿನ ಅಂಚಿಗೆ ಒಂದು ಸಲ ತಟ್ಟಿತು.

ಅವಳು ತಲೆಯೆತ್ತಿದಳು. ಬ್ರಾಂದುರ್ ಕಣ್ಣು ಮುಚ್ಚಿ ಕೂತಿದ್ದ. ಹಲೀನಾ ಪುಟದ ಮೇಲೆ ಬೆರಳಿಟ್ಟು ಅದೇ ಪದಕ್ಕೆ ವಾಪಸು ಬಂದು, ಮೊದಲಿಂದ ಓದಿದಳು.