ಮಾರ್ಷಲ್ ನೇಯ್‌ಗೆ ಅಸುಂಡಿಯಲ್ಲಿ ಆಯೇರಿ

೧

ಎಲ್ಲಿಂದ ಶುರು ಮಾಡುವುದು? ಪ್ಯಾರಿಸ್ಸಿನಿಂದ ಶುರು ಮಾಡಿದ್ದೆ. ‘೧೮೧೫ರ ಡಿಸೆಂಬರ್, ಮಂಜು ಮುಸುಕಿದ ಮುಂಜಾವು’ ಎಂದು ಬರೆದು ಹೊಡೆದುಹಾಕಿದೆ. ಪ್ಯಾರಿಸ್ಸನ್ನು ನಾನು ಕ್ಯಾಲೆಂಡರಿನಲ್ಲಿ ಬಿಟ್ಟರೆ ಬೇರೆಲ್ಲೂ ಕಂಡವನಲ್ಲ. ಅಲ್ಲಿ ಮಂಜು ಹೇಗೆ ಬೀಳುತ್ತದೋ ಯಾರಿಗೆ ಗೊತ್ತು. ಹುಬ್ಬಳ್ಳಿ ದಾಟಿದರೆ ನನ್ನ ಭೂಗೋಳ ಮುಗಿಯಿತು.

ಆದ್ದರಿಂದ ನೆಪೋಲಿಯನ್ನನ ದಂಡನಾಯಕನನ್ನೇ ಗದಗ ತಾಲೂಕಿನ ಅಸುಂಡಿಗೆ ಕರೆಸಿಕೊಂಡೆ, ನಾಟಕದ ಪಾತ್ರವಾಗಿ. (ಖರ್ಚೂ ಕಡಿಮೆ.)

೨

ಮಾರ್ಷಲ್ ನೇಯ್. ಪೀಪಾಯಿ ಮಾಡುವವನ ಮಗ, ಕೆಂಗೂದಲಿನವ, ‘ಧೀರರಲ್ಲಿ ಧೀರ’ ಎಂದು ನೆಪೋಲಿಯನ್ನನಿಂದ ಹೊಗಳಿಸಿಕೊಂಡವ. ರಷ್ಯದ ಹಿಮದಲ್ಲಿ ಸೈನ್ಯ ದಿಕ್ಕುಗೆಟ್ಟು ಓಡಿಬರುವಾಗ ಎಲ್ಲರ ಹಿಂದೆ ಬಂದೂಕು ಹಿಡಿದು ನಿಂತವ. ಕೊನೆಗೆ ಸ್ವಂತ ದೇಶದವರೇ ಮರಣದಂಡನೆ ಕೊಟ್ಟಾಗ, ಕಣ್ಣಿಗೆ ಬಟ್ಟೆ ಕಟ್ಟಿಸಿಕೊಳ್ಳದೆ, ಬಂದೂಕು ಗುರಿಯಿಟ್ಟ ಸಿಪಾಯಿಗಳಿಗೆ ಆಜ್ಞೆಯನ್ನು ತಾನೇ ಕೊಟ್ಟು ಸತ್ತವ.

ಈ ಪಾತ್ರಕ್ಕೆ ಮಾಂತೇಶ. ಅಸುಂಡಿಯ ರೈತರ ಮನೆಯವನು, ಸೈನ್ಯದಲ್ಲಿ ಹವಾಲ್ದಾರ, ರಜೆಯ ಮೇಲೆ ಬಂದಿದ್ದಾನೆ. ನಾಟಕ ಮುಗಿದ ಮೇಲೆ ಗದಗಿನಲ್ಲಿ ರೈಲು ಹತ್ತಿ ಗಡಿಗೆ ವಾಪಸ್ಸು. ನಾಟಕ ಬರೆದವರು ಹೈಸ್ಕೂಲಿನ ಇತಿಹಾಸದ ದತ್ತಾತ್ರಿ ಮಾಸ್ತರರು. (ಅವರು ನಾನಲ್ಲ. ಅವರ ಅಕ್ಷರ ಚೆಂದ.) ಪೋಷಾಕು ಬೆಟಗೇರಿಯ ಶಕೀಲನ ಬ್ಯಾಂಡ್ ಕಂಪನಿಯದು: ಕೆಂಪು ಕೋಟು, ಜರಿಪಟ್ಟಿ, ಹೆಗಲಿಗೆ ಗೊಂಡೆ, ಟೋಪಿಗೆ ಬಿಳಿ ಪುಕ್ಕ. ಮಾಸ್ತರರ ಪುಸ್ತಕದಲ್ಲಿದ್ದ ನೇಯ್‌ನ ಚಿತ್ರ ನೋಡಿ ಶಕೀಲ, “ಇಂವಾ ನಮ್ಮ ಕ್ಲಾರ್ನೆಟ್‌ದಾಂವನ ಡ್ರೆಸ್ ಹಾಕ್ಯಾನಲ್ರಿ ಮಾಸ್ತರ” ಎಂದ.

ಇನ್ನು ಮಾಂತೇಶನ ತಾಯಿ ಮುದುಕವ್ವ. ಆಕೆಗೆ ನಾಟಕದಲ್ಲಿ ಪಾತ್ರವಿಲ್ಲ ಎಂದು ನಾನೂ ತಿಳಿದಿದ್ದೆ, ಮಾಸ್ತರರೂ ತಿಳಿದಿದ್ದರು.

೩

ತಾಲೀಮಿನ ಜಾಗದಲ್ಲಿ ಮುದುಕವ್ವ ಶೇಂಗಾ ಸುಲಿಯುತ್ತ ಕೂತಿದ್ದಳು. ಮಗ ಮನೆಯಲ್ಲಿರುವ ದಿನಗಳಲ್ಲಿ ಅವನು ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಅವಳ ಕೆಲಸವೆಲ್ಲ.

“ನೇಯ್ ಅಂದ್ರ ನೇಕಾರರಾಂವ ಏನ್ರಿ ಮಾಸ್ತರ? ಬೆಟಗೇರಿ ಕಡೆಯಾಂವ?”

“ಅಲ್ಲ ಯವ್ವಾ. ಫ್ರಾನ್ಸ್ ದೇಶದಾಂವ.”

“ಎಲ್ಲ್ಯಾಂವರ ಇರ್ಲಿ. ಹೆತ್ತಾಕಿ ಇದ್ಲೋ ಇಲ್ಲೋ?”

ಮಾಸ್ತರರು ಪುಸ್ತಕದ ಹಾಳೆ ತಿರುವಿದರು. ಎಷ್ಟು ಕುದುರೆ ಸತ್ತವು ಎಂದಿತ್ತು, ತಾಯಿಯ ಸುದ್ದಿ ಸಿಗಲಿಲ್ಲ. ಅಷ್ಟರಲ್ಲಿ ಕೊನೆಯ ದೃಶ್ಯ ಬಂತು. ಮಾಂತೇಶ ಎದೆ ಸೆಟೆಸಿ ನಿಂತು ಶುರು ಮಾಡಿದ:

“ಸೈನಿಕರೇ, ನಾನು ಆಜ್ಞೆ ಕೊಟ್ಟ ಕೂಡಲೇ ನೇರ ನನ್ನ ಎದೆಗೆ—”

“ಬಾಯಿ ಮುಚ್ಚಲೇ.”

ಶೇಂಗಾ ಮೊರ ಪಕ್ಕಕ್ಕಿಟ್ಟು ಮುದುಕವ್ವ ಎದ್ದು ನಿಂತಿದ್ದಳು. “ಅಸ್ತು ದೇವತಿಗೋಳು ತಿರಗ್ಯಾಡ್ತಿರ್ತಾವು. ಕೆಟ್ಟ ಮಾತಿಗೆ ಅಸ್ತು ಅಂದ್ರ ಆತು, ಅದು ಖರೆ ಆಗ್ತೈತಿ. ಬಂದೂಕಿನ ಮುಂದ ನಿಂತು ನೌಕರಿ ಮಾಡಾಂವ, ಅಂಥಾ ಮಾತು ಬಾಯಾಗ ಯಾಕ ತರ್ತಿ?”

“ಯವ್ವಾ, ಇದು ನಾಟಕ.”

“ನಾಟಕ ಅಂತ ಅವಕ್ಕ ಯಾರ ಹೇಳ್ತಾರ?”

ಮಾಸ್ತರರು ನನ್ನ ಕಡೆ ನೋಡಿದರು. ನಾನು ಅವರ ಪುಸ್ತಕದಲ್ಲಿ ನೆಪೋಲಿಯನ್ನನ ಇನ್ನೊಬ್ಬ ದಂಡನಾಯಕನನ್ನು ಹುಡುಕತೊಡಗಿದೆ.

೩ (ತಿದ್ದುಪಡಿ)

ನೇಯ್ ಬೇಡ ಅಂದರೆ ಮ್ಯುರಾ ಇದ್ದಾನಲ್ಲ. ಖಾನಾವಳಿ ಮಾಲಿಕನ ಮಗ, ಶೋಕಿಲಾಲ, ಟೋಪಿಗೆ ಹಿಡಿಗಟ್ಟಲೆ ಪುಕ್ಕ ಸಿಕ್ಕಿಸಿಕೊಂಡು ಕುದುರೆ ದಂಡಿನ ಮುಂದೆ ಹೋಗುತ್ತಿದ್ದವ. ಮಾಸ್ತರರಿಗೆ ಹೇಳಿ ಪಾತ್ರವನ್ನೇ ಬದಲಾಯಿಸಿದೆ. ಕೊನೆಯ ಪುಟ ಓದಿದಾಗ ಗೊತ್ತಾಯಿತು, ಅವನೂ ಅದೇ ವರ್ಷ ಹಾಗೆಯೇ ಸತ್ತವನು, ಆಜ್ಞೆ ಕೊಟ್ಟವನೂ ತಾನೇ. ಮುಖಕ್ಕೆ ಮಾತ್ರ ಪೆಟ್ಟಾಗದಿರಲಿ ಎಂದು ಬೇರೆ ಹೇಳಿದ್ದನಂತೆ.

“ಅಲ್ರಿ, ಆ ದೇಶದಾಗ ಜಡ್ಡು ಜಾಪತ್ರಿ ಬಂದು ಯಾರೂ ಸಾಯಂಗಿಲ್ಲೇನು?” ಎಂದಳು ಮುದುಕವ್ವ. ನೇಯ್‌ನನ್ನು ವಾಪಸ್ಸು ಕರೆತಂದೆ.

೪

ಇನ್ನೊಂದು ಅಂತ್ಯವಿದೆ. ನೇಯ್ ಸಾಯಲೇ ಇಲ್ಲ, ತಪ್ಪಿಸಿಕೊಂಡು ಅಮೆರಿಕಕ್ಕೆ ಹೋಗಿ ಶಾಲೆಯ ಮಾಸ್ತರನಾದ ಎಂದೊಂದು ದಂತಕತೆ. ಇದು ಮುದುಕವ್ವನಿಗೆ ಬಹಳ ಹಿಡಿಸಿತು. ದತ್ತಾತ್ರಿಯವರಿಗೂ ಹಿಡಿಸಿತು. (ಕಾರಣ ಬೇರೆ.) ಹಿಡಿಸದೆ ಹೋದದ್ದು ಮಾಂತೇಶನಿಗೆ.

“ಓಡಿ ಹ್ವಾದಾಂವನ ಪಾರ್ಟು ನಾ ಮಾಡಂಗಿಲ್ರಿ.”

ಹಟಮಾರಿ ಎಂದು ಬರೆಯಹೊರಟೆ. ಅವನು ನನ್ನ ಪೆನ್ನು ಹಿಡಿದುಕೊಂಡ. “ನಿಮಗ ತಿಳಿಯಂಗಿಲ್ರಿ. ಅಲ್ಲೆ ಗಡಿಯಾಗ ನಾವ್ಯಾರೂ ಆ ಮಾತು ಆಡಂಗಿಲ್ಲ. ಒಳಗ ಕುಂತಿರ್ತೈತಿ. ಒಮ್ಮೆ ಎಲ್ಲಾರ ಮುಂದ ಗಟ್ಟಿಯಾಗಿ ಅಂದ್ಬಿಟ್ರ ಅಂಜಿಕಿ ಹೋಗ್ತೈತೇನೋ ಅಂತ.”

ಆಡಿದರೆ ಮಗ ಹೋಗುತ್ತಾನೆಂದು ತಾಯಿ, ಆಡದಿದ್ದರೆ ಅಂಜಿಕೆ ಹೋಗುವುದಿಲ್ಲವೆಂದು ಮಗ. ನನಗೆ ಇಬ್ಬರ ಮೇಲೂ ಮರುಕ ಬಂತು. ತಟಸ್ಥವಾಗಿ ಬರೆಯುವ ಲೇಖಕನೆಂದು ನನಗಿದ್ದ ಅಷ್ಟಿಷ್ಟು ಹೆಸರೂ ಅಲ್ಲಿಗೆ ಹೋಯಿತು.

೬

(ಐದನ್ನು ಹರಿದು ಹಾಕಿದೆ. ಅದರಲ್ಲಿ ನಾನು ಮುದುಕವ್ವನಿಗೆ ಜ್ವರ ಬರಿಸಿ ನಾಟಕಕ್ಕೆ ಬಾರದಂತೆ ಮಾಡಿದ್ದೆ. ಅವಳು ಜ್ವರದಲ್ಲೇ ಬಂದಳು.)

ನಮ್ಮ ಕಡೆಯ ನಾಟಕ ಮುಗಿಯಬೇಕಾದರೆ ಬೆಳಗಾಗಬೇಕು. ಮೂಡಲು ಕೆಂಪಾದಾಗ ಕೊನೆಯ ದೃಶ್ಯ. ಬಂದೂಕು ಹಿಡಿದ ಸಿಪಾಯಿಗಳು ಸಾಲಾಗಿ ನಿಂತರು. ಮುಂಡರಗಿಯಿಂದ ಬಂದಿದ್ದ ಪೇಟಿ ಮಾಸ್ತರ ಹಾರ್ಮೋನಿಯಂ ಸ್ವರ ಎಳೆದ. ಕೆಂಪು ಕೋಟಿನ ಮಾಂತೇಶ ಬಾಯಿ ತೆರೆದ. ಅಷ್ಟರಲ್ಲಿ ಮುದುಕವ್ವ ತೆಂಗಿನಕಾಯಿ, ಟವೆಲ್ಲು ಹಿಡಿದು ಸ್ಟೇಜು ಹತ್ತಿದಳು.

ಆಯೇರಿ. ಮೆಚ್ಚಿದ ಪಾತ್ರಧಾರಿಗೆ ನೋಡುವವರು ಕೊಡುವ ಉಡುಗೊರೆ. ಆಯೇರಿ ಬಂದರೆ ನಾಟಕ ನಿಲ್ಲಲೇಬೇಕು. ಸಾಯುತ್ತಿರುವ ರಾಜನೂ ಎದ್ದು ಕೂತು, ಟವೆಲ್ಲು ಹೊದಿಸಿಕೊಂಡು, ಕೈಮುಗಿದು, ಆಮೇಲೆ ಸಾಯಬೇಕು. ಪೇಟಿ ನಿಂತಿತು. ಸಿಪಾಯಿಗಳು ಬಂದೂಕು ಇಳಿಸಿದರು. ಮುದುಕವ್ವ ಟವೆಲ್ಲು ಹೊದಿಸಿ ಮಗನ ಕೆನ್ನೆ ಸವರಿದಳು.

“ಯವ್ವಾ, ನಂಗ ಅಂಜಿಕಿ ಆಗತೈತಿ.”

ಅವಳಿಗಷ್ಟೇ ಅಂದದ್ದು. ಆದರೆ ಮೈಕು ತಲೆಯ ಮೇಲೇ ತೂಗುತ್ತಿತ್ತು. ಧೀರರಲ್ಲಿ ಧೀರನ ಮಾತು ಇಡೀ ಅಸುಂಡಿಗೆ ಕೇಳಿತು.

ಯಾರೂ ನಗಲಿಲ್ಲ. ಮುಂದಿನ ಸಾಲಿನಿಂದ ಒಬ್ಬರು ಎದ್ದು ಹೆಗಲ ಮೇಲಿನ ಟವೆಲ್ಲು ತೆಗೆದು ಸ್ಟೇಜು ಹತ್ತಿದರು. ಅವರ ಹಿಂದೆ ಇನ್ನೊಬ್ಬರು. ಕೋಟು ಕಾಯಲು ಬಂದಿದ್ದ ಶಕೀಲ ತನ್ನ ಕೊರಳಿನ ರುಮಾಲು ಬಿಚ್ಚಿದ. ಹೆಂಗಸರು ಕುಪ್ಪಸದ ಕಣದ ಬಟ್ಟೆ ತಂದರು. ಗುಂಡಿಟ್ಟು ಕೊಲ್ಲಬೇಕಾದ ಸಿಪಾಯಿಗಳೂ ಬಂದೂಕು ಬದಿಗಿಟ್ಟು ಒಬ್ಬೊಬ್ಬರಾಗಿ ಬಂದು ಆಯೇರಿ ಮಾಡಿದರು. ಮಾಂತೇಶ ಬಟ್ಟೆಯಡಿ ಮುಚ್ಚಿಹೋದ, ಪುಕ್ಕವೊಂದೇ ಕಾಣುತ್ತಿತ್ತು. ಬಿಸಿಲು ಏರಿತು. ಎಮ್ಮೆ ಹಿಂಡುವವರು ಎದ್ದರು. ಮಾಸ್ತರರು ವಿಧಿಯಿಲ್ಲದೆ ಮಂಗಳ ಹಾಡಿಸಿದರು.

ಇನ್ನೊಂದು

ಮಾಂತೇಶ ರೈಲು ಹತ್ತಿದ. ಮುಟ್ಟಿದ ಮೇಲೆ ಫೋನು ಮಾಡುತ್ತೇನೆ ಎಂದಿದ್ದಾನೆ. ಮುದುಕವ್ವ ಮೊಬೈಲನ್ನು ಸೆರಗಿಗೆ ಕಟ್ಟಿಕೊಂಡೇ ಶೇಂಗಾ ಸುಲಿಯುತ್ತಿದ್ದಾಳೆ.

ಕತೆಗೆ ಅಂತ್ಯ ಬೇಡವೇ ಎಂದು ದತ್ತಾತ್ರಿ ಮಾಸ್ತರರು ಕೇಳುತ್ತಿದ್ದಾರೆ. ಮೂರನೆಯ ಭಾಗದಲ್ಲಿ ಮಾಂತೇಶನ ಮಾತು ‘ಎದೆಗೆ’ ಎಂದು ಒಂದು ಗೆರೆಗೆ ಬಂದು ನಿಂತಿದೆ, ನೋಡಿ. ಅದನ್ನು ನಾನು ತುಂಬುವುದಿಲ್ಲ. ಮುಂದಿನ ಪದ ನಿಮಗೆ ಗೊತ್ತಿದೆ. ಗೊತ್ತಿದ್ದರೆ ಇರಲಿ, ಗಟ್ಟಿಯಾಗಿ ಮಾತ್ರ ಅನ್ನಬೇಡಿ. ಫೋನು ಇನ್ನೂ ಬಂದಿಲ್ಲ.